ಬಂದಬಿಡ್ತೇನಿ ಮಾಮಾ

ಬೆಳಗಾವಿಯ ಟಿಳಕವಾಡಿಯಲ್ಲಿ ಇಂಥ ಮಾಮಾ ಇಲ್ಲದ ಓಣಿ ಸಿಗುವುದು ಕಷ್ಟ. ಇದ್ದಾರೆ ಅನ್ನುವುದೂ ಅಷ್ಟು ಸರಿಯಲ್ಲ. ಅವರ ಮನೆ ಇದೆ, ಮನೆಗೆ ಅವ್ವನ ಹೆಸರಿದೆ, ಕೆಳಗೆ ಬಾಡಿಗೆಯವರಿದ್ದಾರೆ, ಮೇಲಿನ ಮಾಳಿಗೆಗೆ ಕೀಲಿ ಇದೆ. ಅವರು ಮಾತ್ರ ನ್ಯೂಜೆರ್ಸಿಯಲ್ಲಿದ್ದಾರೆ. ಮೂಲ ಊರು ಖಾನಾಪುರ ತಾಲೂಕಿನ ಜಾಂಬೋಟಿ ಕಡೆಯ ಹಳ್ಳಿ, ಎಂಜಿನಿಯರಿಂಗ್ ಬೆಳಗಾವಿಯಲ್ಲಿ. 2000ನೇ ಇಸವಿ ಹುಟ್ಟಿದ ಕೂಡಲೇ ಜಗತ್ತಿನ ಕಂಪ್ಯೂಟರುಗಳೆಲ್ಲ ಕೆಡುತ್ತವೆ ಎಂಬ ಗುಲ್ಲೆದ್ದಾಗ ಅವನ್ನು ರಿಪೇರಿ ಮಾಡಲು ಅಮೆರಿಕಕ್ಕೆ ಹೋದವರು. ಕಂಪ್ಯೂಟರು ಕೆಡಲಿಲ್ಲ, ಮಾಮಾ ಮರಳಲಿಲ್ಲ.

ಹೋಗುವಾಗ ಹೇಳಿದ್ದು: "ಎರಡ ವರ್ಸ ಅಷ್ಟ. ನಾಕ ರೊಕ್ಕ ಮಾಡ್ಕೊಂಡ ಬಂದಬಿಡ್ತೇನಿ." ಆಮೇಲೆ ಗ್ರೀನ್ ಕಾರ್ಡ್ ಬಂತು, ಅಂದರೆ ಬರಲಿಲ್ಲ. ಒಂದು ದೇಶಕ್ಕೆ ಶೇಕಡಾ 7ಕ್ಕಿಂತ ಹೆಚ್ಚು ಕೊಡುವುದಿಲ್ಲ ಎಂಬ ಅಮೆರಿಕದ ಕಟ್ಟಳೆಯಿಂದ ಭಾರತದವರ ಸರದಿ ವರ್ಷಗಟ್ಟಲೆ ನಿಲ್ಲುತ್ತದೆ. ಸರದಿ ಬಿಟ್ಟು ಬರಲಾದೀತೇ? ಕಾರ್ಡ್ ಸಿಕ್ಕಿತು. "ಪಾಸ್‌ಪೋರ್ಟ್ ಒಂದ ಆಗ್ಲಿ, ಆಮ್ಯಾಲ ಯಾವಾಗ ಬೇಕಂದ್ರ ಆವಾಗ." ಪಾಸ್‌ಪೋರ್ಟೂ ಆಯಿತು. ಅಷ್ಟರಲ್ಲಿ ಮಗಳು ಹೈಸ್ಕೂಲು, ಮಗ ಕಾಲೇಜು. ಈಗ 65 ತುಂಬಿ ಅಲ್ಲಿಯ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ ಸಿಗುವುದನ್ನು ಕಾಯುತ್ತಿದ್ದಾರೆ. ಅದು ಬೆಳಗಾವಿಯ ಯಾವ ಆಸ್ಪತ್ರೆಯಲ್ಲೂ ನಡೆಯುವುದಿಲ್ಲವೆಂದು ಅವರಿಗೇ ಎಲ್ಲರಿಗಿಂತ ಚೆನ್ನಾಗಿ ಗೊತ್ತು.

ಖಾನಾಪುರದಿಂದ ಕೊಲ್ಲಿ ದೇಶಗಳಿಗೆ ಹೋದವರದು ಬೇರೆ ತಳಿ. ಕುವೈತಿನಲ್ಲೋ ದುಬೈಯಲ್ಲೋ ಸಾಮಾನ್ಯ ನೌಕರನ ವಾಸದ ಪರವಾನಗಿ ಕೆಲಸಕ್ಕೆ ಅಂಟಿಕೊಂಡಿರುತ್ತದೆ. ಕೆಲಸ ಹೋದರೆ ಸ್ವಲ್ಪ ದಿನದಲ್ಲೇ ಗಂಟುಮೂಟೆ. ಆತ ಬರುತ್ತೇನೆಂದು ಯಾರಿಗೂ ಮಾತು ಕೊಡುವುದಿಲ್ಲ, ಒಂದಿನ ಬಂದು ನಿಂತಿರುತ್ತಾನೆ. ಮಾತು ಕೊಡುವವರು ಬರದೇ ಇರಬಲ್ಲವರು ಮಾತ್ರ.

ಮಹಾರಾಷ್ಟ್ರದ ಜತೆಗಿನ ಗಡಿ ವಿಷಯ ಬಂದರೆ ಮಾಮಾನ ಮುಂದೆ ಯಾರೂ ನಿಲ್ಲಲಾರರು. 1967ರ ಮಹಾಜನ ವರದಿಯಿಂದ ಹಿಡಿದು ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿಗೆ ಹಾಕಿದ ದಾವೆಯವರೆಗೆ ಎಲ್ಲ ಬಾಯಿಪಾಠ. "ಬೆಳಗಾವಿದು ಒಂದ ಇಂಚೂ ಬಿಡೂದಿಲ್ಲ!" ಇಡೀ ಬೆಳಗಾವಿಯನ್ನೇ ಬಿಟ್ಟು ಕಾಲು ಶತಮಾನವಾಯಿತಲ್ಲ ಎಂದು ಕೇಳುವ ಧೈರ್ಯ ನ್ಯೂಜೆರ್ಸಿಯ ಕನ್ನಡ ಕೂಟದಲ್ಲಿ ಯಾರಿಗೂ ಇಲ್ಲ. 2014ರ ನವೆಂಬರ್ 1ರಂದು ಬೆಳಗಾಂ ಹೋಗಿ ಬೆಳಗಾವಿ ಆದಾಗ ಕೂಟಕ್ಕೆಲ್ಲ ಕುಂದಾ ಹಂಚಿದವರು ಅವರೇ. ಅವರ ಅಮೆರಿಕದ ಪಾಸ್‌ಪೋರ್ಟಿನಲ್ಲಿ ಮಾತ್ರ ಹುಟ್ಟಿದ ಸ್ಥಳದ ಎದುರು ಬೆಳಗಾಮೂ ಇಲ್ಲ, ಬೆಳಗಾವಿಯೂ ಇಲ್ಲ, ಬರೀ ಇಂಡಿಯಾ. ಗಣಪತಿ ಹಬ್ಬಕ್ಕೆ ಸದ್ದಿಲ್ಲದೆ ಮರಾಠಿ ಮಂಡಳಕ್ಕೆ ಹೋಗುತ್ತಾರೆ. ಮೈಸೂರು ಕಡೆಯವರಿಗೆ ಇವರ ಮಾತು ಅರ್ಧ ತಿಳಿಯುವುದಿಲ್ಲ, ಅವರ ಬಿಸಿಬೇಳೆಬಾತಿನಿಂದ ಇವರ ಹೊಟ್ಟೆ ತುಂಬುವುದಿಲ್ಲ. ಮಂಡಳದಲ್ಲಿ ಮಿಸಳ ಸಿಗುತ್ತದೆ, ಗಡಿ ಬಗ್ಗೆ ಜಗಳಾಡಲು ಎದುರಾಳಿಯೂ ಸಿಗುತ್ತಾನೆ.

ಡಿಸೆಂಬರಿನಲ್ಲಿ ಬರುತ್ತಾರೆ. ಗೋವಾಕ್ಕಿಳಿದು, ಚೋರ್ಲಾ ಘಾಟ್ ಹತ್ತಿ, ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುವಲ್ಲಿ ಕಾರು ನಿಲ್ಲಿಸಿ ನೀರನ್ನು ಕಣ್ಣಿಗೊತ್ತಿಕೊಳ್ಳುತ್ತಾರೆ (ಬಾಯಿಗೆ ಬಾಟಲಿ ನೀರು). "ಸಾಯೂದಂತೂ ಇಲ್ಲೇ ನೋಡ್ರಿ" ಎನ್ನುತ್ತಾರೆ. ಬದುಕುವ ಮಾತು ಎತ್ತುವುದಿಲ್ಲ.

ಅದೇ ಹೊತ್ತಿಗೆ ಊರಲ್ಲಿ ಚಳಿಗಾಲದ ಅಧಿವೇಶನ. 2012ರಲ್ಲಿ ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಉದ್ಘಾಟಿಸಿದ ಸುವರ್ಣ ವಿಧಾನಸೌಧಕ್ಕೆ ಸರ್ಕಾರ ವರ್ಷಕ್ಕೊಮ್ಮೆ ಬಂದು, ಉತ್ತರ ಕರ್ನಾಟಕದ ಬಗ್ಗೆ ಕಣ್ಣೀರಿಟ್ಟು, ಹತ್ತು ಹನ್ನೆರಡು ದಿನದಲ್ಲಿ ಬೆಂಗಳೂರಿಗೆ ವಾಪಸಾಗುತ್ತದೆ. ಮಾಮಾನಿಗೆ ಇದನ್ನು ಸಹಿಸಲಾಗುವುದಿಲ್ಲ. "ಎಷ್ಟ ಕೋಟಿ ಸುರದ ಕಟ್ಟ್ಯಾರ! ಬಂದ ಇಲ್ಲೇ ಇರಬೇಕಿಲ್ಲೋ? ವರ್ಸಾನಗಟ್ಲೆ ಕೀಲಿ ಹಾಕಿಡ್ತಾರ, ನಾಚಿಕಿ ಇಲ್ಲ." ಮಾಳಿಗೆಯ ಕೀಲಿ ಆಗ ಅವರ ಜೇಬಿನಲ್ಲಿ ಗಲಗಲ ಎನ್ನುತ್ತಿರುತ್ತದೆ.

ಜಾಂಬೋಟಿ ಹತ್ತಿರ ಎರಡೆಕರೆ ಕೊಂಡು ಗೋಡಂಬಿ ಹಚ್ಚುವ ಆಸೆ ಅವರಿಗೆ ಬಹಳ ಕಾಲ ಇತ್ತು. ಪೌರತ್ವ ಬದಲಿಸಿ ಒಸಿಐ ಕಾರ್ಡ್ ಹಿಡಿದವರು ಕೃಷಿ ಜಮೀನು ಕೊಳ್ಳುವಂತಿಲ್ಲ ಎಂದು ವಕೀಲರು ಹೇಳಿದ ದಿನ ಕಾನೂನಿಗೆ ಬಾಯಿತುಂಬ ಬೈದರು. ರಾತ್ರಿ ಗಡದ್ದಾಗಿ ನಿದ್ದೆ ಮಾಡಿದರು. ಕಾಯಂ ಆದ ಕಾರಣವೊಂದು ಕೊನೆಗೂ ಕೈಗೆ ಸಿಕ್ಕಿತ್ತು. ಪಿತ್ರಾರ್ಜಿತ ಗದ್ದೆಯ ಉತಾರದಲ್ಲಿ ಹೆಸರಿದೆ, ಅದನ್ನು ಅಮೆರಿಕದಿಂದಲೇ ಮೊಬೈಲಿನಲ್ಲಿ ಆಗಾಗ ನೋಡಿಕೊಳ್ಳುತ್ತಾರೆ. ಖಾನಾಪುರದ ಮಳೆಯಲ್ಲಿ ನಿಂತು ಭತ್ತ ನಾಟಿ ಮಾಡುವ ತಮ್ಮ ಬಿಟ್ಟುಕೊಡು ಎಂದರೆ, "ಛೇ, ನಾ ಬಂದಮ್ಯಾಲ ಎಲ್ಲಿಗೆ ಹೋಗ್ಲಿ?"

ಆ ಮನೆಯಲ್ಲಿ ನಿಜ ಹೇಳುವವರು ಮಾಮಿ ಒಬ್ಬರೇ. "ನಾ ಅಂತೂ ಬರೂದಿಲ್ರಿ. ಅಲ್ಲಿ ನಾನ ಕಾರ್ ಹೊಡೀತೇನಿ, ನಾನ ದುಡೀತೇನಿ, ಎಲ್ಲಿ ಹೊಂಟಿ ಅಂತ ಯಾರೂ ಕೇಳೂದಿಲ್ಲ. ಇಲ್ಲಿ ಎರಡನೇ ರೈಲ್ವೆ ಗೇಟ್ ದಾಟೂದ್ರಾಗ ನಾಕ ಮಂದಿ ಕೇಳ್ತಾರ." ಮಾಮಾ ಆಗ ಪೇಪರ್ ಓದುತ್ತಿರುತ್ತಾರೆ. ಅಮೆರಿಕದಲ್ಲೇ ಇರುವುದು ತಪ್ಪೇನಲ್ಲ, ನನ್ನ ಮಟ್ಟಿಗಂತೂ ಅಲ್ಲ. ನಿರ್ಧಾರ ಎಂದೋ ಆಗಿಹೋಗಿದೆ. ಮಾಮಾನಿಗೆ ಇನ್ನೂ ಯಾರೂ ತಿಳಿಸಿಲ್ಲ, ಅಷ್ಟೇ.

ಟಿಳಕವಾಡಿಯಲ್ಲಿ ಬಾಡಿಗೆ ಮನೆ ಹುಡುಕುತ್ತಿರುವವರಿಗೆ ಒಂದು ಮಾತು. ಇಂಥವರ ಮನೆ ಸಿಕ್ಕರೆ ಬಿಡಬೇಡಿ. "ಮುಂದಿನ ವರ್ಸ ಖಾಲಿ ಮಾಡಬೇಕಾಗ್ತೈತಿ, ನಾವು ಬಂದಬಿಡ್ತೇವಿ" ಎಂದರೆ ಹೂಂ ಎನ್ನಿ, 11 ತಿಂಗಳ ಕರಾರಿಗೆ ಸಹಿ ಹಾಕಿ, ಮಕ್ಕಳನ್ನು ಹತ್ತಿರದ ಶಾಲೆಯಲ್ಲಿ ಒಂದನೇ ತರಗತಿಗೆ ಧೈರ್ಯವಾಗಿ ಸೇರಿಸಿಬಿಡಿ.