ಒಂಬತ್ತೂವರೆ ಮೇಷ್ಟ್ರು

ತಾಲ್ಲೂಕಿಗೊಂದು ಪಿಯು ಕಾಲೇಜು ಇದ್ದಲ್ಲೆಲ್ಲ ಒಬ್ಬ ಒಂಬತ್ತೂವರೆ ಮೇಷ್ಟ್ರು ಇದ್ದೇ ಇರುತ್ತಾರೆ. ಪಾಠ ಅರ್ಥಶಾಸ್ತ್ರ, ಗೀಳು ಶಿಸ್ತು. ಬೆಲ್ ಹೊಡೆದ ಅಟೆಂಡರ್ ಕೈ ಇಳಿಸುವಷ್ಟರಲ್ಲಿ ಇವರು ಕ್ಲಾಸಿನೊಳಗೆ. ಹಾಜರಿ ಕೂಗುವ ರಭಸಕ್ಕೆ ಹನ್ನೆರಡನೇ ನಂಬರಿನವನು ‘ಎಸ್ಸಾರ್’ ಅನ್ನುವಾಗ ಹದಿನಾರನೆಯವಳಿಗೆ ಆಗಲೇ ಆಬ್ಸೆಂಟ್ ಬಿದ್ದಿರುತ್ತದೆ.

ಹಳ್ಳಿ ಬಸ್ಸಿನ ಮಕ್ಕಳು ಬಾಗಿಲಿಗೆ ಬರುವುದು ಒಂಬತ್ತು ನಲವತ್ತಕ್ಕೆ. “ಮೇ ಐ ಕಮಿನ್ ಸಾರ್?” ಸಾರ್ ತಲೆ ಎತ್ತುವುದಿಲ್ಲ. ಕೆಂಪು ಪೆನ್ನಿನ ಕ್ಯಾಪ್ ತೆಗೆದು, ಹಾಕಿ, ಮತ್ತೆ ತೆಗೆಯುತ್ತಾರೆ.

“ಯಾಕೆ ಲೇಟು?”

“ಬಸ್ ಫುಲ್ ಆಗಿತ್ತು ಸಾರ್, ನಿಲ್ಲಿಸ್ಲಿಲ್ಲ. ಹಿಂದಿನ ಟೆಂಪೋ ಹತ್ಕೊಂಡ್ ಬಂದ್ವಿ.”

2023ರ ಜೂನ್‌ನಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ ಉಚಿತ ಮಾಡಿದ ಶಕ್ತಿ ಯೋಜನೆ ಬಂದ ಮೇಲೆ ಈ ಉತ್ತರ ಎಷ್ಟೋ ಸಲ ನಿಜವೇ. ಮೇಷ್ಟ್ರ ಸಿಟ್ಟೂ ಅದಕ್ಕೇ. ಸುಳ್ಳಾಗಿದ್ದರೆ ಹಿಡಿದುಹಾಕಬಹುದಿತ್ತು.

“ಅದಕ್ಕಿಂತ ಮುಂಚಿನ ಬಸ್ಸಿಗೆ ಬಾ.”

“ಅದೇ ಫಸ್ಟ್ ಬಸ್ಸು ಸಾರ್.”

ಇಲ್ಲಿಂದ ಮೇಷ್ಟ್ರ ಬಾಲ್ಯ ಶುರು. ಶಾಲೆಗೆ ಬರಿಗಾಲಲ್ಲಿ ನಡೆದ ದೂರ ಜೂನ್‌ನಲ್ಲಿ ನಾಲ್ಕು ಮೈಲಿ ಇದ್ದದ್ದು ಡಿಸೆಂಬರ್ ಹೊತ್ತಿಗೆ ಏಳಾಗಿ, ನಡುವೆ ಒಂದು ಹೊಳೆಯೂ ಹುಟ್ಟಿಕೊಂಡಿರುತ್ತದೆ. ಲೇಟಾಗಿ ಬಂದವರು ಹತ್ತು ನಿಮಿಷ ಕಳೆದುಕೊಂಡರೆ, ಟೈಮಿಗೆ ಸರಿಯಾಗಿ ಬಂದವರು ಅರ್ಧ ಪೀರಿಯಡ್ ಕಳೆದುಕೊಳ್ಳುತ್ತಾರೆ. ನಾಳೆಯ ಬೈಗುಳದ ಮುಂಗಡವೂ ಅವರಿಗೇ ಜಮಾ. ‘ಬೇಡಿಕೆಯ ಸ್ಥಿತಿಸ್ಥಾಪಕತ್ವ’ ಅಧ್ಯಾಯ ತಾನೇ ಹಿಗ್ಗಿ ಮೂರನೇ ವಾರಕ್ಕೆ ಬಂದಿರುತ್ತದೆ.

2009ರ ಶಿಕ್ಷಣ ಹಕ್ಕು ಕಾಯ್ದೆ ಬಂದು ಶಾಲೆಯ ಬೆತ್ತ ಅಟ್ಟ ಸೇರಿತು. ಕಾಲೇಜಿನ ಈ ಮೇಷ್ಟ್ರಿಗೆ ಬೆತ್ತ ಬೇಕಾಗಿಯೇ ಇಲ್ಲ, 75 ಪರ್ಸೆಂಟ್ ಹಾಜರಿ ಇದೆ. “ಹಾಲ್ ಟಿಕೆಟ್ ಹೇಗೆ ತಗೋತೀಯೋ ನೋಡ್ತೀನಿ” ಎಂಬುದು ನಿತ್ಯದ ಮಂಗಳಾರತಿ.

ಜನವರಿಯಲ್ಲಿ ಶಾರ್ಟೇಜ್ ಲಿಸ್ಟ್ ನೋಟಿಸ್ ಬೋರ್ಡಿಗೆ ಏರುವ ಹಿಂದಿನ ಸಂಜೆ, ಸ್ಟಾಫ್ ರೂಮಿನಲ್ಲಿ ಯಾರೂ ಇಲ್ಲದಾಗ, ಅದೇ ಕೆಂಪು ಪೆನ್ನು ಹಿಡಿದು ಕೂತವರೂ ಇವರೇ. ಇಂಗ್ಲಿಷಿನ ‘ಎ’ಯನ್ನು ‘ಪಿ’ ಮಾಡುವುದು ಸುಲಭವಲ್ಲ. ಒಂದು ಕಾಲು ಅಳಿಸಬೇಕು, ತಲೆ ದುಂಡಗಾಗಿಸಬೇಕು, ಪ್ರಿನ್ಸಿಪಾಲರು ಕೇಳಿದರೆ ಶಾಯಿ ಹರಡಿದೆ ಅನ್ನಬೇಕು. ಬೆಳಿಗ್ಗೆ ಲಿಸ್ಟಿನಲ್ಲಿ ಬಸ್ಸಿನ ಮಕ್ಕಳ ಹೆಸರೇ ಇರುವುದಿಲ್ಲ.

ಶಾರ್ಟೇಜೇನೋ ಮುಗಿಯಿತು, ಪೋರ್ಷನ್ ಮುಗಿದಿಲ್ಲವಲ್ಲ. ಮೇಷ್ಟ್ರು ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆಯುತ್ತಾರೆ: “ನಾಳೆಯಿಂದ ಬೆಳಿಗ್ಗೆ ಎಂಟಕ್ಕೆ ಸ್ಪೆಷಲ್ ಕ್ಲಾಸ್. ಲೇಟಾದರೆ ಒಳಗೆ ಬಿಡುವುದಿಲ್ಲ.”