ಆಕಸ್ಮಿಕಕ್ಕೂ ಲೆಕ್ಕ ಬೇಕು

ಪಕ್ಕದ ಮನೆಯ ನಿವೃತ್ತ ಮೇಷ್ಟ್ರಿಗೆ ಹಳೇ ಸಿನಿಮಾಗಳ ಮೇಲೆ ಸಿಟ್ಟು. ಕಾಂಪೌಂಡಿಗೆ ಕೈಯೂರಿ ನಿಂತರೆಂದರೆ ಅರ್ಧ ಗಂಟೆ ಖಾಯಂ.

“ಅಲ್ಲಮ್ಮಾ, ಜಾತ್ರೇಲಿ ಕಳೆದುಹೋದ ಅಣ್ಣ-ತಮ್ಮ ಕೊನೇ ರೀಲಲ್ಲಿ ಮಚ್ಚೆ ನೋಡಿ ಅಪ್ಪಿಕೊಳ್ಳೋದಾ! ಆಕಸ್ಮಿಕಕ್ಕೂ ಒಂದು ಮಿತಿ ಬೇಡ್ವಾ?”

“ಶಕುಂತಲೆಯ ಉಂಗುರ ಮೀನಿನ ಹೊಟ್ಟೇಲಿ ಸಿಕ್ಕಿದ್ದು ಮಾತ್ರ ಸರೀನಾ ಮೇಷ್ಟ್ರೇ?”

“ಅದಕ್ಕೇ ಕಾಳಿದಾಸ ದೂರ್ವಾಸರನ್ನ ಕರೆತಂದ. ಮಹಾಭಾರತದಲ್ಲಿ ಶಾಪವೂ ಇಲ್ಲ, ಉಂಗುರವೂ ಇಲ್ಲ. ದುಷ್ಯಂತ ಗೊತ್ತಿದ್ದೂ ಗೊತ್ತಿಲ್ಲ ಅಂತಾನೆ. ನಾಯಕನ ಮಾನ ಉಳಿಸೋಕೆ ಮರೆವು ಬೇಕಿತ್ತು, ಮರೆವಿಗೊಂದು ಕಾರಣ ಬೇಕಿತ್ತು. ಕಥೆ ಹೇಳೋನು ಲೆಕ್ಕ ಕೊಡ್ಬೇಕಮ್ಮಾ.”

ಬಟ್ಟೆ ಹರವುತ್ತಾ ನಾನು 2004ರ ಸಂತೆಮರಹಳ್ಳಿಯನ್ನು ನೆನಪಿಸಿದೆ. ವಿಧಾನಸಭೆ ಚುನಾವಣೆಯಲ್ಲಿ ಧ್ರುವನಾರಾಯಣ ಅವರಿಗೆ 40,752 ಓಟು, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಸೋತವರ ಕಾರಿನ ಡ್ರೈವರೇ ಅಂದು ಓಟು ಹಾಕಿರಲಿಲ್ಲವಂತೆ ಅನ್ನೋ ಮಾತು ಊರೆಲ್ಲ ಸುತ್ತಿತ್ತು.

“ನಿಮ್ಮ ವಿದ್ಯಾರ್ಥಿ ಇಂಥ ಕಥೆ ಬರೆದು ತಂದಿದ್ರೆ?”

“ಡ್ರೈವರ್ ಪ್ರಸಂಗ ತೆಗಿಯಪ್ಪಾ, ಯಾರೂ ನಂಬಲ್ಲ ಅಂತಿದ್ದೆ.”

ನೋಡಿ ಮತ್ತೆ! ಕಥೆಯಲ್ಲಾದರೆ ಆಕಸ್ಮಿಕಕ್ಕೆ ಕಾರಣ ಕೇಳುತ್ತೇವೆ. ಚುನಾವಣೆಯಲ್ಲಿ ಅದಕ್ಕೇ ಜನಾದೇಶ ಅಂತ ಹಾರ ಹಾಕುತ್ತೇವೆ. ಓಟು ಸಮಸಮ ಬಿದ್ದರೆ ಚೀಟಿ ಎತ್ತಬೇಕೆಂದು ಕಾನೂನೇ ಹೇಳುತ್ತದೆ. ಹಾಗೆ ಗೆದ್ದವರೂ ಕೈಮುಗಿಯುವುದು ಮತದಾರರಿಗೆ, ಚೀಟಿ ಎತ್ತಿದ ಕೈಗಲ್ಲ.

ಹಳಬರಿಗೆ ಈ ಸಂಕೋಚ ಇರಲಿಲ್ಲ. ಅಥೆನ್ಸಿನವರು 500 ಮಂದಿಯ ಸಭೆಯನ್ನು ಲಾಟರಿಯಿಂದಲೇ ಆರಿಸುತ್ತಿದ್ದರು. ಲಾಟರಿ ಪ್ರಜಾಪ್ರಭುತ್ವದ ದಾರಿ, ಚುನಾವಣೆ ಕೆಲವೇ ಜನರ ಆಳ್ವಿಕೆಯ ದಾರಿ ಎಂಬ ಎಣಿಕೆಯನ್ನು ಅರಿಸ್ಟಾಟಲ್ ಬರೆದಿಟ್ಟಿದ್ದಾನೆ. ಕಾಂಚೀಪುರದ ಹತ್ತಿರದ ಉತ್ತರಮೇರೂರಿನಲ್ಲಿ 10ನೇ ಶತಮಾನದ ಚೋಳರ ಶಾಸನವಿದೆ: ಊರಿನ 30 ಭಾಗಗಳಿಂದ ಹೆಸರು ಬರೆದ ಓಲೆಗಳು ಗಡಿಗೆಗೆ, ಎತ್ತಲು ಒಬ್ಬ ಹುಡುಗ. ಆದರೆ ಹಿಂದೆ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವನ ಓಲೆ ಒಳಗೆ ಬೀಳುವಂತಿಲ್ಲ, ಅವನ ನೆಂಟರದ್ದೂ.

“ಭಲೇ!” ಎಂದರು ಮೇಷ್ಟ್ರು. “ಕಾಳಿದಾಸ ಮಾಡಿದ್ದೂ ಇದನ್ನೇ. ಆಕಸ್ಮಿಕವನ್ನ ಒಳಗೆ ಬಿಟ್ಕೊಂಡ್ರೂ ಸುಮ್ಮನೆ ಬಿಟ್ಕೊಳ್ಳಲಿಲ್ಲ. ನಮ್ಮ ಬಡಾವಣೆ ಸಂಘಕ್ಕೂ ಹೀಗೇ ಗಡಿಗೆ ಇಟ್ರೆ ಹೇಗೆ?”

“ಇಡೋಣ. ಮೊದಲು ಹೋದ ವರ್ಷದ ಲೆಕ್ಕ ಬರಲಿ.”

ಸಂಘದ ಖಜಾಂಚಿ ಮೇಷ್ಟ್ರೇ. ಒಲೆ ಮೇಲೆ ಹಾಲಿಟ್ಟಿದ್ದು ಅವರಿಗೆ ಆಗಲೇ ನೆನಪಾಯಿತು.