ಮಲಗಿದ ಕಂಪ್ಯೂಟರನ್ನು ಎಬ್ಬಿಸುವ ಕ್ರಮ

ವಿಷಯ: ಸ್ಲೀಪ್‌ಗೆ ಹೋದ ಶಾಲಾ ಕಂಪ್ಯೂಟರು ಎದ್ದ ಮೇಲೂ ಪರದೆ ಕಪ್ಪಾಗಿಯೇ ಇರುವ ಬಗ್ಗೆ.
ಉಲ್ಲೇಖ: ಸೋಮವಾರ ಬೆಳಗ್ಗೆ ಪ್ರಾರ್ಥನೆ ಮುಗಿಯುತ್ತಲೇ ಹೆಡ್‌ಮಾಸ್ಟರು ಹಾಕಿದ ಕೂಗು.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ‘ಕಂಪ್ಯೂಟರ್ ನೋಡ್ಕೊಳ್ಳೋ ಮೇಷ್ಟ್ರು’ ಎಂಬ, ಯಾವ ಆದೇಶದಲ್ಲೂ ಇಲ್ಲದ ಹುದ್ದೆಯಲ್ಲಿರುವವರಿಗೆಲ್ಲ ತಿಳಿಯಪಡಿಸುವುದೇನೆಂದರೆ: ಮೊದಲು ಗಾಬರಿ ಬೀಳಬೇಡಿ. ಆಮೇಲೆ, ಮಾನಿಟರಿನ ತಲೆ ತಟ್ಟಬೇಡಿ. ಅದು ಡಬ್ಬಾ ಟಿವಿಯ ಕಾಲದ ವೈದ್ಯ. ಈಗಿನ ಚಪ್ಪಟೆ ಪರದೆಗೆ ತಟ್ಟಿದರೆ ಗೆರೆ ಬೀಳುತ್ತದೆ, ಆ ಗೆರೆ ಸ್ಟಾಕ್ ರಿಜಿಸ್ಟರಿನಲ್ಲಿ ನಿಮ್ಮ ಹೆಸರಿನ ಮುಂದೆ ಬಂದು ಕೂರುತ್ತದೆ.

ಮೆಕ್ಯಾನಿಕ್‌ಗೆ ಫೋನ್ ಮಾಡುವುದೂ ಸದ್ಯಕ್ಕೆ ಬೇಡ. ತುಮಕೂರಿನಲ್ಲಿ ಬಸ್ಸು ಹತ್ತಿದವನು ಮೊದಲು ಕೊರಟಗೆರೆಯಲ್ಲಿ ಸಿಕ್ಕಿಬೀಳುತ್ತಾನೆ, ಆಮೇಲೆ ಮಧುಗಿರಿಯಲ್ಲಿ. ಪಾವಗಡದವರಿಗೆ ದಕ್ಕುವುದು “ನಾಳೆ ಬತ್ತೀನಿ ಸಾ” ಮಾತ್ರ. ಶಿರಾದವರು ಹೆದ್ದಾರಿ ಪಕ್ಕ ಇದ್ದಾರೆಂದು ಬೀಗಬೇಕಾಗಿಲ್ಲ. ಅದು ಬೇರೆ ದಾರಿ, ಅವನು ಅಲ್ಲಿಗೆ ಇನ್ನೊಂದು ವಾರ.

ರೋಗಲಕ್ಷಣ

ಸ್ಲೀಪ್ ಎಂದರೆ ಕೋಳಿನಿದ್ದೆ. ಪ್ರೊಸೆಸರು, ಫ್ಯಾನು, ಡಿಸ್ಕು ಎಲ್ಲ ಸುಮ್ಮನಾದರೂ ರ‍್ಯಾಮ್ ಒಂದು ಎಚ್ಚರವಾಗಿದ್ದು, ನೀವು ಅರ್ಧಕ್ಕೆ ಬಿಟ್ಟ ಮಕ್ಕಳ ವಿವರದ ಸ್ಯಾಟ್ಸ್ ಎಂಟ್ರಿಯನ್ನು ನೆನಪಿನಲ್ಲಿ ಹಿಡಿದುಕೊಂಡಿರುತ್ತದೆ. ಅದಕ್ಕೆ ಕರೆಂಟು ಬೇಕು. ಬಹಳ ಅಲ್ಲ, ಕೆಲವೇ ವ್ಯಾಟು. ಪಾವಗಡದ ತಿರುಮಣಿ ಸುತ್ತ ಸುಮಾರು 13,000 ಎಕರೆಯಲ್ಲಿ ಹರಡಿಕೊಂಡ ಸೋಲಾರ್ ಪಾರ್ಕಿನ ಸಾಮರ್ಥ್ಯ 2,050 ಮೆಗಾವ್ಯಾಟ್. ಅದೇ ತಾಲ್ಲೂಕಿನ ಕಂಪ್ಯೂಟರ್ ಕೋಣೆಗೆ ಭಾನುವಾರ ರಾತ್ರಿ ಎರಡು ವ್ಯಾಟ್ ಸಿಗುವುದಿಲ್ಲ. ಸೂರ್ಯನದು ತಪ್ಪಿಲ್ಲ. ಶನಿವಾರ ಬೆಳಗಿನ ಶಾಲೆ ಬಿಟ್ಟಾಗ ಯಾರೋ ಸ್ಲೀಪ್ ಒತ್ತಿ ಹೋಗಿರುತ್ತಾರೆ, ಹಿಂದೆಯೇ ಬೀಗದ ಕೈ ಹಿಡಿದು ಬಂದವರು ‘ಯಾಕೆ ಸುಮ್ನೆ’ ಎಂದು ಮೇನ್ ಸ್ವಿಚ್ಚನ್ನೇ ಇಳಿಸಿರುತ್ತಾರೆ. ರ‍್ಯಾಮ್ ಅಲ್ಲೇ ಎಲ್ಲ ಮರೆಯಿತು. ಸೋಮವಾರ ನೀವು ಮೌಸ್ ಅಲ್ಲಾಡಿಸುತ್ತ ಕೂತಿರುವುದು ಮಲಗಿದ ಯಂತ್ರದ ಮುಂದಲ್ಲ, ಆರಿಹೋದ ಯಂತ್ರದ ಮುಂದೆ. ಪವರ್ ಬಟನ್ ಒತ್ತಿ. ಅಷ್ಟೇ. ಸೇವ್ ಮಾಡದ ಎಂಟ್ರಿ ಹೋಯಿತು ಅಂತಲೇ ಇಟ್ಟುಕೊಳ್ಳಿ, ಉಳಿದಿದ್ದರೆ ನಿಮ್ಮ ಪುಣ್ಯ.

ನಾಡಿ ಹಿಡಿಯುವುದು

ಸಿಪಿಯು ದೀಪ ಉರಿಯುತ್ತಿದೆ, ಫ್ಯಾನ್ ತಿರುಗುತ್ತಿದೆ, ಪರದೆ ಮಾತ್ರ ಕಪ್ಪು. ಆಗ ಕೀಬೋರ್ಡಿನ ನಮ್‌ಲಾಕ್ ಒತ್ತಿ. ಅದರ ಪುಟ್ಟ ದೀಪ ಹತ್ತಿ ಆರಿದರೆ ಜೀವ ಇದೆ, ಮುಖ ಮಾತ್ರ ತೋರಿಸುತ್ತಿಲ್ಲ. ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿದರೆ ಗ್ರಾಫಿಕ್ಸ್ ಡ್ರೈವರು ಒಮ್ಮೆ ಮೈ ಕೊಡವಿಕೊಂಡು ಏಳುತ್ತದೆ. ಪೀಂ ಎಂದರೆ ಶುಭಶಕುನ. ನಮ್‌ಲಾಕ್ ಜಪ್ಪಯ್ಯ ಅನ್ನದಿದ್ದರೆ ಪವರ್ ಬಟನ್ನನ್ನು ಹತ್ತು ಸೆಕೆಂಡು ಒತ್ತಿ ಹಿಡಿದು ಆರಿಸಿ, ಮತ್ತೆ ಹಚ್ಚಿ. ಪಾವಗಡ ಕಡೆ ಇದೇ ಹೊತ್ತಿಗೆ “ಲೇಯ್‌ರಾ ನಾಯನಾ” ಎಂದು ಕರೆಯುವ ಪದ್ಧತಿಯುಂಟು. ಮೂರು ಕಡೆ ಆಂಧ್ರ ಇರುವ ತಾಲ್ಲೂಕು, ಯಂತ್ರಕ್ಕೂ ಎರಡು ಭಾಷೆ ಬಂದರೆ ಒಳ್ಳೆಯದೇ.

ಮಾನಿಟರಿನ ದೀಪ ಕಿತ್ತಳೆ ಬಣ್ಣಕ್ಕೆ ತಿರುಗಿದ್ದರೆ ಅದಕ್ಕೆ ಸಿಗ್ನಲ್ ಬರುತ್ತಿಲ್ಲ ಎಂದರ್ಥ. ಹಿಂದಿನ ನೀಲಿ ಮೂತಿಯ ವಿಜಿಎ ಕೇಬಲ್ ಬಿಚ್ಚಿ ನೋಡಿ: ಮೂರು ಸಾಲು, ಹದಿನೈದು ಸೂಜಿ. ಕಸ ಗುಡಿಸುವಾಗ ಎಳೆದಾಡಿ ಒಂದು ಸೂಜಿ ಬಾಗಿದ್ದರೂ ಬಣ್ಣ ಕೆಡುತ್ತದೆ, ಇಲ್ಲವೇ ಚಿತ್ರವೇ ಬರುವುದಿಲ್ಲ.

ಅದೂ ಸರಿಯಿದ್ದರೆ ಪ್ಲಗ್ ಕಿತ್ತು, ಡಬ್ಬಿ ತೆಗೆದು, ರ‍್ಯಾಮ್ ಪಟ್ಟಿಯನ್ನು ಹೊರಗೆಳೆಯಿರಿ. ಅದರ ಚಿನ್ನದ ಬಣ್ಣದ ಹಲ್ಲಿನ ಸಾಲನ್ನು ನಾಲ್ಕನೇ ಕ್ಲಾಸಿನ ಯಾವುದಾದರೂ ಮಗುವಿನ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಕೊಡವಿ, ಕಟಕ್ ಎನ್ನುವವರೆಗೆ ಒತ್ತಿ ಕೂರಿಸಿ. ರಬ್ಬರ್ ಮರಳಿಸಿ. ವಿಭೂತಿ ಹಚ್ಚುವುದಿದ್ದರೆ ಡಬ್ಬಿಯ ಹೊರಗೆ.

ಮೇಲಿನ ಯಾವುದೂ ಫಲಿಸದಿದ್ದಾಗ

ಇದು ನನ್ನದೇ ಕಥೆ. ಮೂರು ದಿನ ಮೇಲಿನದನ್ನೆಲ್ಲ ಮಾಡಿದೆ. ಯಂತ್ರ ಓಡುತ್ತಿದೆ, ವಿಂಡೋಸ್ ಏಳುವ ಸದ್ದೂ ಸ್ಪೀಕರಿನಲ್ಲಿ ಬರುತ್ತಿದೆ, ಪರದೆ ಮಾತ್ರ ಅಮಾವಾಸ್ಯೆ. ಮಾನಿಟರು ಸತ್ತಿದೆಯೆಂದು ಷರಾ ಬರೆದು ಸಹಿಗೆ ಇಟ್ಟಿದ್ದೆ. ಬಾಗಿಲಲ್ಲಿ ನಿಂತಿದ್ದ ಏಳನೇ ಕ್ಲಾಸಿನ ಹುಡುಗಿ, “ಸಾ, ಶುಕ್ರವಾರ ಪ್ರೊಜೆಕ್ಟ್ರಿಗೆ ಹಾಕಿದ್ರಲ್ಲ, ತೆಗೆದ್ರಾ ಸಾ?” ಅಂದಳು. ತಲೆಯೆತ್ತಿ ನೋಡಿದೆ. ಸೂರಿಗೆ ನೇತುಹಾಕಿದ ಪ್ರೊಜೆಕ್ಟರಿನ ಕೇಬಲ್ ಇನ್ನೂ ಸಿಪಿಯು ಬೆನ್ನಿಗೇ ಕಚ್ಚಿಕೊಂಡಿದೆ. ಚಿತ್ರ ಅಲ್ಲಿಗೆ ಮಾತ್ರ ಹೋಗಲಿ ಎಂದು ಅಂದು ಆರಿಸಿಟ್ಟವನೂ ನಾನೇ. ಕಂಪ್ಯೂಟರು ಪ್ರತಿ ಬೆಳಗ್ಗೆ ಎದ್ದು, ಆರಿದ ಪ್ರೊಜೆಕ್ಟರಿಗೆ ನಿಷ್ಠೆಯಿಂದ ಚಿತ್ರ ಕಳಿಸುತ್ತಲೇ ಇತ್ತು. ಅವಳೇ ವಿಂಡೋಸ್ ಕೀ ಜೊತೆ ಪಿ ಒತ್ತಿ, ಮೇಲಿನ ಬಾಣ ಎರಡು ಸಲ, ಎಂಟರ್. ಬೆಳಕು ಬಂತು. ಷರಾ ಬರೆದ ಹಾಳೆಯನ್ನು ನಾನು ಜೇಬಿಗೆ ಹಾಕಿಕೊಂಡೆ.

ಈ ಹಂತವನ್ನು ಮೊದಲಿಗೇ ಬರೆಯಬೇಕಿತ್ತು. ಮಾನದ ಪ್ರಶ್ನೆಯಾದ್ದರಿಂದ ಕೊನೆಗೆ ಬಂತು.

ಮುಂಜಾಗ್ರತೆ

ಸೆಟ್ಟಿಂಗ್ಸ್‌ನ ಪವರ್ ವಿಭಾಗದಲ್ಲಿ ಸ್ಲೀಪ್ ಎದುರು ‘ನೆವರ್’ ಆರಿಸಿ. ಶನಿವಾರ ಶಟ್‌ಡೌನ್ ಮಾಡಿ, ಆಮೇಲಷ್ಟೇ ಮೇನ್ ಸ್ವಿಚ್. ಇನ್ನೊಂದು ಮನವಿ: ಈ ಕೈಪಿಡಿಯನ್ನು ದಯವಿಟ್ಟು ಕಂಪ್ಯೂಟರಿನಲ್ಲಿ ಸೇವ್ ಮಾಡಿ ಇಡಬೇಡಿ. ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ.